ಬುದ್ಧಿಮಾಂದ್ಯರಿಗೂ ಮನಸ್ಸಿದೆ

ಬೆಂಗಳೂರಿನ ಚಂದ್ರಾ ಲೇಔಟ್, ಗಂಗೊಂಡನಹಳ್ಳಿಯಂತಹ ಬಡಾವಣೆಗಳ ಮುಸ್ಲಿಮ್ ಮನೆಗಳಲ್ಲೂ ಬೌದ್ಧಿಕ ವೈಕಲ್ಯವುಳ್ಳ ಮಕ್ಕಳು ಬೆಳೆದು ಯುವಕ ಯುವತಿಯರಾಗುತ್ತಿದ್ದಾರೆ. ಅವರನ್ನು ಪೊರೆಯುವ ತಾಯಂದಿರ ಸಹನೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಇಂತಹ ಯುವಕನೊಬ್ಬ ಹಠಾತ್ತನೆ ಅನ್ನ ಬಿಟ್ಟರೆ, ರಾತ್ರಿಯಿಡೀ ಎಚ್ಚರವಿದ್ದರೆ, ತನ್ನನ್ನೇ ಹೊಡೆದುಕೊಂಡರೆ 'ಅವನಿರುವುದೇ ಹಾಗೆ' ಎಂದು ಮನೆಯವರು ಸುಮ್ಮನಾಗುತ್ತಾರೆ. ನೆರೆಯವರು 'ಅಸರ್ ಆಗಿದೆ' ಎನ್ನುತ್ತಾರೆ. ಕೆಲವೊಮ್ಮೆ ವೈದ್ಯರೂ ಎಲ್ಲವನ್ನೂ ವೈಕಲ್ಯದ ಖಾತೆಗೇ ಬರೆದುಬಿಡುತ್ತಾರೆ.

ಖಿನ್ನತೆ, ಆತಂಕಗಳು ಇಂಥವರನ್ನು ಇತರರಿಗಿಂತ ಹೆಚ್ಚಾಗಿಯೇ ಕಾಡುತ್ತವೆ. ತಂದೆಯ ಮರಣ, ಅಕ್ಕ ಮದುವೆಯಾಗಿ ಮನೆ ಬಿಟ್ಟದ್ದು, ವಿಶೇಷ ಶಾಲೆ ಮುಗಿದದ್ದು: ಇವುಗಳ ದುಃಖವನ್ನು ಆತ ಹೇಳಲಾರ, ಅನುಭವಿಸಬಲ್ಲ. ಹಲ್ಲುನೋವು, ಕಿವಿನೋವುಗಳೂ ಇದೇ ರೂಪದಲ್ಲಿ ಹೊರಬರುವುದರಿಂದ ಮೊದಲು ದೇಹದ ತಪಾಸಣೆ ಆಗಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬುದ್ಧಿಮಾಂದ್ಯವನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಒಂದು ಜೀವನಪರ್ಯಂತದ ಸ್ಥಿತಿ, ಇನ್ನೊಂದು ಚಿಕಿತ್ಸೆಗೆ ಒಗ್ಗುವ ರೋಗ.

ನಮ್ಮವರಿಗೆ ಭಾಷೆಯ ತೊಡಕೂ ಇದೆ. ಮನೆಮಾತು ದಖ್ಖನಿ. ಶಾಲೆ, ಆಸ್ಪತ್ರೆಗಳದ್ದು ಕನ್ನಡ ಅಥವಾ ಇಂಗ್ಲಿಷ್. ಆ ಹುಡುಗನ ಬಳಿಯಿರುವ ಕೆಲವೇ ಶಬ್ದಗಳೆಲ್ಲ ಅಮ್ಮಿಯಿಂದ ಕಲಿತವು. ಕನ್ನಡದ ಪ್ರಶ್ನೆಗೆ ಅವನು ಮೌನಿಯಾದರೆ ಅದನ್ನು ದಡ್ಡತನವೆಂದು ಎಣಿಸುವುದು ನ್ಯಾಯವೇ? ರೋಗಿಗೆ ತಿಳಿಯುವ ಭಾಷೆಯಲ್ಲೇ ಮಾಹಿತಿ ನೀಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗುವಾಗ ಅವನ ಮಾತು, ಸನ್ನೆ ಬಲ್ಲ ತಾಯಿಯೇ ಜೊತೆಗಿರಲಿ. ನಿದ್ದೆ, ಊಟ ಎಂದಿನಿಂದ ಕೆಟ್ಟಿತು, ಆಗ ಮನೆಯಲ್ಲಿ ಏನು ನಡೆದಿತ್ತು ಎಂಬುದನ್ನು ಬರೆದಿಟ್ಟುಕೊಂಡು ಹೋಗಲಿ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದದ್ದನ್ನು ಸಮುದಾಯ ಮರೆಯಬಾರದು. ದರ್ಗಾದ ಆಸರೆ ಅರಸಿ ಕರೆತಂದಿದ್ದ ಮಾನಸಿಕ ಅಸ್ವಸ್ಥರನ್ನು ಖಾಸಗಿ ಆಶ್ರಯತಾಣದಲ್ಲಿ ಸರಪಳಿಯಿಂದ ಕಟ್ಟಲಾಗಿತ್ತು. ಬೆಂಕಿ ಬಿದ್ದಾಗ ಓಡಲಾರದೆ 28 ಮಂದಿ ಸುಟ್ಟುಹೋದರು. ದುಆ ಮತ್ತು ಔಷಧಿಗೆ ವಿರೋಧವಿಲ್ಲ, ಆದರೆ ಸರಪಳಿ ದುಆ ಅಲ್ಲ. ಈಗಿನ ಕಾಯ್ದೆ ಅದನ್ನು ಸಂಪೂರ್ಣ ನಿಷೇಧಿಸಿದೆ. ಬುದ್ಧಿ ಬಲಿಯದವರಿಗೆ ಅನ್ನ, ಬಟ್ಟೆ ಕೊಟ್ಟು ಒಳ್ಳೆಯ ಮಾತನ್ನಾಡಬೇಕೆಂದು ಸೂರಃ ಅನ್ನಿಸಾದ 5ನೇ ಸೂಕ್ತ ಆದೇಶಿಸುತ್ತದೆ. ಗಲ್ಲಿಗಳಲ್ಲಿ ಕೇಳಿಬರುವ 'ಪಾಗಲ್' ಆ ಒಳ್ಳೆಯ ಮಾತೇ?

ಮಸೀದಿ ಸಮಿತಿಗಳು ವಿದ್ಯಾರ್ಥಿವೇತನದ ಪಟ್ಟಿ ಮಾಡುತ್ತವೆ, ಈ ಮನೆಗಳ ಪಟ್ಟಿ ಮಾಡಿದ್ದು ವಿರಳ. ಮಗನಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕತ್ವಕ್ಕಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದೆಂಬುದು ಎಷ್ಟು ಹೆತ್ತವರಿಗೆ ಗೊತ್ತು? ಚಂದ್ರಾ ಲೇಔಟ್‌ನ ಜಮಾಅತ್‌ಗಳು ಅರ್ಜಿ ತುಂಬಿಕೊಡುವ ಇಬ್ಬರು ಯುವಕರನ್ನೂ, ವಾರಕ್ಕೊಂದು ಮಧ್ಯಾಹ್ನ ಆ ತಾಯಂದಿರ ಬದಲಿಗೆ ಮನೆಯಲ್ಲಿ ಕೂರಬಲ್ಲ ಕೆಲವು ಸಹೋದರಿಯರನ್ನೂ ಗೊತ್ತುಪಡಿಸಲಿ.