ಮನೆಯ ಚಿತ್ರಮಂದಿರಕ್ಕೆ ಒಂದೇ ರಿಮೋಟು

ಅಮೃತಹಳ್ಳಿಯ ಗೃಹಸ್ಥರೊಬ್ಬರು ನಮಗೆ ಬರೆದಿರುವ ಕಾಗದದಲ್ಲಿ ಒಂದು ಪ್ರಶ್ನೆಯಿದೆ. ಅವರ ನಡುಮನೆಯಲ್ಲಿ ಟೀವಿ, ಡಿಷ್ಷಿನ ಪೆಟ್ಟಿಗೆ, ಸ್ಪೀಕರುಗಳನ್ನು ನಡೆಸುವ ಆಂಪ್ಲಿಫೈಯರು, ಇಂಟರ್ನೆಟ್ಟಿನಿಂದ ಚಿತ್ರಗಳನ್ನು ತರುವ ಸಣ್ಣದೊಂದು ಸ್ಟಿಕ್ಕು, ಹೀಗೆ ನಾಲ್ಕು ಯಂತ್ರಗಳೂ ಅವಕ್ಕೆ ನಾಲ್ಕು ರಿಮೋಟುಗಳೂ ಉಂಟು. ದಂಪತಿಗಳು ಬೆಳಗ್ಗೆ ಮಾನ್ಯತಾ ಟೆಕ್ ಪಾರ್ಕಿನ ಕೆಲಸಕ್ಕೆ ಹೊರಟರೆಂದರೆ ಎಪ್ಪತ್ತು ದಾಟಿದ ತಾಯಿಯವರು ಮನೆಯಲ್ಲಿ ಒಬ್ಬರೇ. ಒಂದು ಗುಂಡಿ ತಪ್ಪಿ ಒತ್ತಿದರೆ ಪರದೆ ಬರಿದಾಗಿ ನಿಂತುಬಿಡುವುದು. ಸಂಜೆ ಮಗನು ಬರುವವರೆಗೆ ವಾರ್ತೆಯೂ ಇಲ್ಲ, ಹರಿಕಥೆಯೂ ಇಲ್ಲ. ಆ ಅಂಜಿಕೆಯಿಂದ ಅವರು ಈಗ ಟೀವಿಯ ಗೋಜಿಗೇ ಹೋಗರಂತೆ. ಎಲ್ಲಕ್ಕೂ ಸಲ್ಲುವ ಒಂದೇ ರಿಮೋಟನ್ನು ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕೆಂದು ಕೇಳಿರುವರು.

ಈ ಪ್ರಶ್ನೆಯನ್ನು ಮಗನ ಕಡೆಯಿಂದ ನೋಡದೆ ತಾಯಿಯ ಕಡೆಯಿಂದ ನೋಡುವುದೇ ಸರಿಯೆಂದು ನಮಗೆ ತೋರುತ್ತದೆ.

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿಯೇ ಮಾಡಿ ನೋಡತಕ್ಕ ಒಂದು ಉಪಾಯವಿದೆ. ಟೀವಿಯಿಂದ ಆಂಪ್ಲಿಫೈಯರಿಗೆ ಹೋಗುವ ಎಚ್‌ಡಿಎಂಐ ತಂತಿಯ ಮೂಲಕವೇ ಯಂತ್ರಗಳು ಒಂದಕ್ಕೊಂದು ಆಜ್ಞೆಗಳನ್ನು ಕಳುಹಿಸಬಲ್ಲವು. ಇದಕ್ಕೆ ಸಿಇಸಿ ಎಂದು ಹೆಸರು. ಆದರೆ ಸ್ಯಾಮ್‌ಸಂಗಿನವರು ಇದನ್ನು ಎನಿನೆಟ್ ಪ್ಲಸ್ ಎಂತಲೂ, ಸೋನಿಯವರು ಬ್ರಾವಿಯಾ ಸಿಂಕ್ ಎಂತಲೂ, ಎಲ್‌ಜಿಯವರು ಸಿಂಪ್ಲಿಂಕ್ ಎಂತಲೂ ಕರೆಯುವುದರಿಂದ ಗೃಹಸ್ಥರಿಗೆ ಗುರುತು ಹತ್ತುವುದಿಲ್ಲ. ಐದು ಹೆಸರಿಡುವುದು ಮಗುವಿನ ನಾಮಕರಣಕ್ಕೆ ಶೋಭೆ, ಯಂತ್ರಕ್ಕಲ್ಲ. ಟೀವಿಯ ಸೆಟ್ಟಿಂಗುಗಳಲ್ಲಿ ಇದನ್ನು ಹುಡುಕಿ ಚಾಲೂ ಮಾಡಿ, ತಂತಿಯನ್ನು ಎರಡೂ ಕಡೆ ಎಆರ್‌ಸಿ ಎಂದು ಬರೆದಿರುವ ರಂಧ್ರಕ್ಕೇ ಸೇರಿಸಬೇಕು. 2009ರಲ್ಲಿ ಬಂದ ಎಚ್‌ಡಿಎಂಐ 1.4ರಿಂದ ಈಚೆಗೆ ಈ ಅನುಕೂಲವಿದೆ. ಇದು ಕೈಗೂಡಿದರೆ ಟೀವಿಯೊಡನೆ ಆಂಪ್ಲಿಫೈಯರೂ ಎಚ್ಚರಗೊಳ್ಳುವುದು. ಟೀವಿಯ ರಿಮೋಟೇ ಧ್ವನಿಯನ್ನು ಏರಿಸಿ ಇಳಿಸುವುದು. ಒಂದು ಕಾಸೂ ಖರ್ಚಿಲ್ಲದೆ ಒಂದು ರಿಮೋಟು ಕಡಮೆಯಾಯಿತು.

ಇದರಿಂದಲೂ ಸಾಲದಿದ್ದವರು ಕೊಳ್ಳಬಹುದು. ಹಲವು ಯಂತ್ರಗಳಿಗೊಂದೇ ರಿಮೋಟೆಂಬುದು ಹೊಸದೇನಲ್ಲ. ಫಿಲಿಪ್ಸ್ ಕಂಪನಿಯವರು 1985ರಲ್ಲಿಯೇ ಇದನ್ನು ತಂದರು. ಆಪಲ್ ಕಂಪ್ಯೂಟರನ್ನು ರಚಿಸಿದ ಸ್ಟೀವ್ ವೋಜ್ನಿಯಾಕ್ ಅವರೂ 1987ರಲ್ಲಿ ಇಂಥದೊಂದನ್ನು ಮಾಡಿದ್ದರು. ಈಗ ಪೇಟೆಯಲ್ಲಿ ಸಿಕ್ಕುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ನಾನಾ ಕಂಪನಿಗಳ ಸಂಕೇತಗಳನ್ನು ಮೊದಲೇ ತುಂಬಿರುತ್ತಾರೆ. ಇನ್ನೊಂದು ಕಲಿಯುವ ರಿಮೋಟು: ಹಳೆಯದನ್ನೂ ಇದನ್ನೂ ಮೂತಿಗೆ ಮೂತಿ ಎದುರಾಗಿಟ್ಟು ಒಂದೊಂದಾಗಿ ಗುಂಡಿ ಒತ್ತಿದರೆ, ಹಳೆಯದರ ಸಂಕೇತವನ್ನು ಇದು ನೆನಪಿಟ್ಟುಕೊಳ್ಳುವುದು. ಸಂಕೇತವೆಂದರೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನ ಮಿಣುಕು. ಬಹುಪಾಲು ರಿಮೋಟುಗಳಲ್ಲಿ ಇದು ಸೆಕೆಂಡಿಗೆ ಸುಮಾರು 38,000 ಸಲ ಮಿಣುಕುತ್ತದೆ. ರಿಮೋಟು ಸತ್ತಿದೆಯೋ ಬದುಕಿದೆಯೋ ತಿಳಿಯಲು ಅದರ ಮೂತಿಯನ್ನು ಮೊಬೈಲಿನ ಮುಂಗಡೆಯ ಕ್ಯಾಮೆರಾಕ್ಕೆ ತೋರಿಸಿ ಗುಂಡಿ ಒತ್ತಬೇಕು. ಅನೇಕ ಫೋನುಗಳ ಪರದೆಯ ಮೇಲೆ ನೇರಿಳೆಯ ಚುಕ್ಕೆ ಮಿನುಗುವುದು.

ಅಂಗಡಿಯವರು ಸಾಮಾನ್ಯವಾಗಿ ಹೇಳದ ಸಂಗತಿಯೆಂದರೆ, ಅನೇಕ ಯಂತ್ರಗಳಲ್ಲಿ ಹಾಕುವುದಕ್ಕೂ ಆರಿಸುವುದಕ್ಕೂ ಒಂದೇ ಸಂಕೇತ. ಒಂದೇ ಗುಂಡಿಯಿಂದ ಮೂರು ಯಂತ್ರಗಳನ್ನು ಎಬ್ಬಿಸುವ ರಿಮೋಟನ್ನು ತಂದಿರೆನ್ನಿ. ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ಡಿಷ್ಷಿನ ಪೆಟ್ಟಿಗೆ ತಾನೇ ಎದ್ದು ಕುಳಿತು, ಟೀವಿ ಮಲಗಿಯೇ ಇದ್ದರೆ, ಆ ಗುಂಡಿ ಮಲಗಿದ್ದುದನ್ನು ಎಬ್ಬಿಸಿ ಎದ್ದುದನ್ನು ಮಲಗಿಸುತ್ತದೆ! ಎಷ್ಟು ಸಲ ಒತ್ತಿದರೂ ಒಂದಲ್ಲ ಒಂದು ಮಲಗಿಯೇ ಇರುವುದು. ಕರೆಂಟು ಹೋಗಿ ಬರುವ ನಮ್ಮ ಬಡಾವಣೆಗಳಲ್ಲಿ ವೃದ್ಧರ ಕೈಗೆ ಇಂಥದನ್ನು ಕೊಡುವುದು ಯುಕ್ತವಲ್ಲ. ಒಂದೊಂದು ಯಂತ್ರಕ್ಕೆ ಒಂದೊಂದು ಗುಂಡಿಯಿರುವುದೇ ಲೇಸು.

ಫೋನಿನಿಂದಲೇ ಎಲ್ಲವನ್ನೂ ನಡೆಸುವ ಯಂತ್ರಗಳೂ ಉಂಟು. ಆದರೆ ಮಗನು ಕಛೇರಿಗೆ ಹೊರಟಾಗ ಆ ರಿಮೋಟೂ ಅವನ ಜೇಬಿನಲ್ಲಿಯೇ ಹೊರಡುವುದು. ಹಾರ್ಮನಿ ಎಂಬ ದುಬಾರಿಯ ರಿಮೋಟನ್ನು ಕೆಲವರು ಇನ್ನೂ ಹೊಗಳುತ್ತಾರೆ; ಲಾಜಿಟೆಕ್ ಕಂಪನಿಯವರು 2021ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿದರು. ಮನೆಯ ಕಂಪ್ಯೂಟರಿನಿಂದಲೂ ಕಂಪನಿಯ ಸರ್ವರಿನಿಂದಲೂ ಅಣಿಗೊಳಿಸಬೇಕಾದ ಆ ವಸ್ತುವನ್ನು ಹಳೆಯದಾಗಿ ಕೊಳ್ಳಲು ನಾವು ಸಲಹೆ ಕೊಡುವುದಿಲ್ಲ.

ಆ ತಾಯಿಯವರಿಗೆ ನಾವು ಸೂಚಿಸುವುದು ಆರೇಳು ದಪ್ಪ ಗುಂಡಿಗಳ, ಕಲಿಯುವ ಜಾತಿಯ ಅಗ್ಗದ ರಿಮೋಟನ್ನು. ಟೀವಿ, ಡಿಷ್ಷು, ಧ್ವನಿ ಏರು, ಧ್ವನಿ ಇಳಿ, ಚಾನೆಲ್ ಮುಂದೆ, ಚಾನೆಲ್ ಹಿಂದೆ. ಇಷ್ಟನ್ನು ಮಗನು ಒಂದು ಭಾನುವಾರ ಕುಳಿತು ಕಲಿಸಿಟ್ಟರೆ ಸಾಕು. ಟೀವಿಯ ಗುಂಡಿಗೆ ಉಗುರುಬಣ್ಣದ ಕೆಂಪು ಬೊಟ್ಟು, ಡಿಷ್ಷಿನದಕ್ಕೆ ಬೇರೆ ಬಣ್ಣದ್ದೊಂದನ್ನು ಇಟ್ಟರೆ ಇಂಗ್ಲಿಷು ಓದುವ ಪ್ರಮೇಯವೂ ಇಲ್ಲ. ಸ್ಟಿಕ್ಕನ್ನು ಇದರಲ್ಲಿ ಸೇರಿಸಲಾಗದು. ಇಂಥವು ಸಾಮಾನ್ಯವಾಗಿ ಬ್ಲೂಟೂತಿನ ಮಾತನ್ನಷ್ಟೇ ಕೇಳುವುದರಿಂದ ಬೆಳಕಿನ ಸಂಕೇತ ಅವಕ್ಕೆ ತಲುಪದು. ಕೆಲವು ಡಿಷ್ಷಿನ ರಿಮೋಟುಗಳಲ್ಲಿಯೇ ಟೀವಿಯ ಸಂಕೇತ ಕಲಿಯುವ ಮೂರು ನಾಲ್ಕು ಗುಂಡಿಗಳಿರುತ್ತವೆ. ಹೊಸದು ಕೊಳ್ಳುವ ಮುನ್ನ ನಿಮ್ಮದನ್ನೊಮ್ಮೆ ನೋಡಿರಿ.

ಎಸ್.ಪಿ. ರಸ್ತೆಗೆ ಹೋಗುವವರು ಯಂತ್ರಗಳ ಬೆನ್ನಿನ ಮೇಲಿರುವ ಮಾಡೆಲ್ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಂಡು, ಕೆಲಸಮಾಡುತ್ತಿರುವ ಹಳೆಯ ರಿಮೋಟುಗಳನ್ನೂ ಚೀಲದಲ್ಲಿ ಒಯ್ಯತಕ್ಕದ್ದು. ಅಂಗಡಿಯಲ್ಲಿಯೇ ಒಂದೆರಡು ಗುಂಡಿಗಳನ್ನು ಕಲಿಸಿ ನೋಡಬಹುದು. ಹೊಸದು ಬಂತೆಂದು ಹಳೆಯವನ್ನು ಬಿಸಾಡಬಾರದು. ಹೊಸದು ಬಿದ್ದು ಒಡೆದ ದಿನ ಮತ್ತೊಂದಕ್ಕೆ ಪಾಠ ಹೇಳಲು ಅವೇ ಬೇಕು. ಸೆಲ್ಲುಗಳು ಸೋರಿ ಒಳಗಿನ ತಗಡು ತುಕ್ಕು ಹಿಡಿಯದಂತೆ ಅವುಗಳನ್ನು ತೆಗೆದು, ರಿಮೋಟುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಯಾವುದು ಯಾವ ಯಂತ್ರದ್ದೆಂದು ಮೇಲೆ ಬರೆದಿಡುವುದು.