ಪೂರ್ವಪಕ್ಷವನ್ನರಿಯದ ಖಂಡನೆ

ಇತ್ತೀಚೆಗೆ ನಮ್ಮ ಕಂಪ್ಲಿಯಲ್ಲಿ ನಡೆದ ಉಪನ್ಯಾಸವೊಂದರಲ್ಲಿ ವಿದ್ವಾಂಸರೊಬ್ಬರು ಕ್ರೈಸ್ತಮತದ ಸೃಷ್ಟಿವಿಚಾರವನ್ನು ಎರಡೇ ಮಾತುಗಳಲ್ಲಿ ಮುಗಿಸಿದರು. ಆ ಮತದ ದೇವರು ಕುಂಬಾರನಂತೆ ಜಗತ್ತನ್ನು ಮಾಡಿದವನು, ಆದುದರಿಂದ ಮಣ್ಣಿಗೆ ಅಧೀನನು ಎಂಬುದು ಮೊದಲನೆಯದು. ಜೀವೇಶ್ವರಭೇದವನ್ನು ಹೇಳುವುದರಿಂದ ಅದು ನಮ್ಮ ದ್ವೈತವೇ, ಹೊಸದೇನೂ ಇಲ್ಲವೆಂಬುದು ಎರಡನೆಯದು. ಸಭೆಯು ಕರತಾಡನ ಮಾಡಿತು. ನಾನು ಸುಮ್ಮನೆ ಎದ್ದು ಬಂದೆನು. ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಈ ಲೇಖನ.

ನಾನು ಕ್ರೈಸ್ತನಲ್ಲ. ಆದರೆ ಪ್ರತಿವಾದಿಯ ಪಕ್ಷವನ್ನು ಅವನೇ ತಲೆದೂಗುವಂತೆ ನಿರೂಪಿಸಿದ ಮೇಲಲ್ಲದೆ ಖಂಡನೆಗೆ ಬಾಯ್ದೆರೆಯಬಾರದೆಂದು ಪಾಠಶಾಲೆಯಲ್ಲಿ ಗುರುಗಳು ನನಗೆ ಕಲಿಸಿದ್ದರು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಪಾದ್ರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದನು. ಅಷ್ಟು ಕಾಲದಿಂದ ನೆರೆಯಲ್ಲಿರುವ ಮತವನ್ನು ಇನ್ನೂ ಊಹೆಯಿಂದಲೇ ತಿಳಿಯುವುದು ವಿದ್ಯೆಗೆ ಶೋಭಿಸುವುದೆ?

ಮೊದಲು ಕುಂಬಾರನ ಮಾತನ್ನು ನೋಡೋಣ. ಕ್ರಿ.ಶ. ೧೮೦ರ ಸುಮಾರಿನಲ್ಲಿ ಅಂತಿಯೋಕ್ಯದ ಬಿಷಪ್ ಥಿಯೋಫಿಲಸನು ಇದೇ ಆಕ್ಷೇಪವನ್ನು ಪ್ಲೇಟೋವಿನ ಅನುಯಾಯಿಗಳ ಮೇಲೆ ಹೂಡಿದ್ದನು. ಮೂಲದ್ರವ್ಯವೂ ಅನಾದಿಯಾದರೆ ಅದು ದೇವರಿಗೆ ಸಮಾನವಾಯಿತು. ಇದ್ದ ಸಾಮಗ್ರಿಯಿಂದ ಮಾಡುವುದು ಮನುಷ್ಯಶಿಲ್ಪಿಗೂ ಸಾಧ್ಯವಿರಲು ಅದರಲ್ಲಿ ದೇವರ ಹಿರಿಮೆಯೇನೆಂದು ಅವನ ವಾದ. ನಮ್ಮ ಉಪನ್ಯಾಸಕರು ಕ್ರೈಸ್ತರ ಮೇಲೆ ಬಿಟ್ಟ ಬಾಣವು ಕ್ರೈಸ್ತರ ಬತ್ತಳಿಕೆಯದೇ! ಹಾಗಾದರೆ ಇಲ್ಲದ್ದರಿಂದ ಇರುವುದು ಹುಟ್ಟೀತೆ ಎಂದು ಕೇಳಬಹುದು. ಅವರ ಮತದಲ್ಲಿ ಆ 'ಇಲ್ಲದ್ದು' ಮಣ್ಣಿನ ಸ್ಥಾನದಲ್ಲಿರುವ ಮತ್ತೊಂದು ವಸ್ತುವಲ್ಲ. ವೈಯಾಕರಣರ ಮಾತಿನಲ್ಲಿ ಇದು ಪರ್ಯುದಾಸವಲ್ಲ, ಪ್ರಸಜ್ಯಪ್ರತಿಷೇಧ: ಉಪಾದಾನವೇ ಇರಲಿಲ್ಲವೆಂಬ ಬರಿಯ ನಿಷೇಧ. ಒಪ್ಪುವುದು ಬಿಡುವುದು ಬೇರೆ ಮಾತು; ಅರ್ಥವನ್ನಾದರೂ ಸರಿಯಾಗಿ ಹಿಡಿಯಬೇಡವೆ?

ಇನ್ನು ದ್ವೈತ. ಶ್ರೀಮಧ್ವಾಚಾರ್ಯರ ಸಿದ್ಧಾಂತದಲ್ಲಿ ಹರಿಯು ಸ್ವತಂತ್ರನು, ಜೀವಪ್ರಕೃತಿಗಳು ಪರತಂತ್ರವಾದರೂ ಅನಾದಿ. ಕ್ರೈಸ್ತಾಚಾರ್ಯರಿಗಾದರೋ ಜೀವನಿಗೂ ಆದಿಯುಂಟು. ಕಾಲವೂ ಸೃಷ್ಟವಾದುದೇ ಎಂದನು ಅಗಸ್ಟೀನನು. ಸೃಷ್ಟ, ಅಸೃಷ್ಟಗಳ ನಡುವಣ ಗೆರೆಯೇ ಅವರಿಗೆ ಪ್ರಾಣ. ಆ ಗೆರೆ ಎಲ್ಲಿ ಬೀಳಬೇಕೆಂಬುದಕ್ಕೇ ಅವರೊಳಗೆ ದೊಡ್ಡ ಕಲಹವಾಯಿತು. ಅಲೆಕ್ಸಾಂಡ್ರಿಯದ ಏರಿಯಸನು ದೇವಪುತ್ರನೂ ಸೃಷ್ಟನೆಂದನು. ೩೨೫ರಲ್ಲಿ ನೈಸೀಯದಲ್ಲಿ ಕೂಡಿದ ಪರಿಷತ್ತು ಅದನ್ನು ತಿರಸ್ಕರಿಸಿತು. ಆ ಪರಿಷತ್ತಿನ ಪಕ್ಷವನ್ನು ಮುಂದೆ ಸಮರ್ಥಿಸಿದ ಅಥನೇಸಿಯಸನ ಮತದಲ್ಲಿ ಸೃಷ್ಟವಾದುದು ಸ್ವಭಾವತಃ ಶೂನ್ಯದ ಕಡೆಗೇ ಜಾರತಕ್ಕದ್ದು. ದೇವರ ವಾಕ್ಕಿನಲ್ಲಿ ಪಾಲು ಪಡೆದಿರುವುದರಿಂದಲೇ ಅದು ನಿಂತಿದೆ. ಪಾರತಂತ್ರ್ಯದಲ್ಲಿ ಸಾಮ್ಯವುಂಟು, ಅನಾದಿತ್ವದಲ್ಲಿ ಇಲ್ಲ. ಎರಡನ್ನೂ ಒಂದೆಂದರೆ ಕ್ರೈಸ್ತರಿಗಿಂತ ಮಿಗಿಲಾಗಿ ಮಾಧ್ವರಿಗೇ ಅನ್ಯಾಯ.

ನಿಜವಾದ ವಾದಸ್ಥಾನ ಬೇರೆಯೇ ಇದೆ. ಜೀವನು ಹೊಸದಾಗಿ ಹುಟ್ಟಿದವನಾದರೆ, ಒಬ್ಬನು ಕುರುಡನಾಗಿಯೂ ಇನ್ನೊಬ್ಬನು ಸಿರಿವಂತನಾಗಿಯೂ ಜನಿಸುವುದಕ್ಕೆ ಪೂರ್ವಕರ್ಮವಿಲ್ಲದೆ ಏನು ಸಮಾಧಾನ? ಮೂರನೆಯ ಶತಮಾನದಲ್ಲಿ ಆರಿಜೆನ್ ಎಂಬ ಕ್ರೈಸ್ತ ಪಂಡಿತನು ಈ ತೊಡಕನ್ನು ಕಂಡು, ಜೀವರು ಹಿಂದೆ ತಮ್ಮ ಇಚ್ಛೆಯಿಂದ ಮಾಡಿದ ಆಯ್ಕೆಯೇ ವೈಷಮ್ಯಕ್ಕೆ ಕಾರಣವೆಂದನು. ಆದರೆ ಜೀವರ ಪೂರ್ವಸ್ಥಿತಿಯನ್ನು ಅವರ ಸಭೆಯು ಮುಂದೆ ನಿರಾಕರಿಸಿತು. ಇಲ್ಲಿ ನನ್ನ ಮನಸ್ಸು ಕರ್ಮಸಿದ್ಧಾಂತದ ಕಡೆಗೇ ನಿಲ್ಲುತ್ತದೆ. ಇಂಥ ಪ್ರಶ್ನೆಯನ್ನು ಕೇಳಿದ್ದರೆ ಕ್ರೈಸ್ತನೂ ಆಲೋಚಿಸುತ್ತಿದ್ದನು. ಕುಂಬಾರನ ಮಾತಿಗೆ ಅವನು ನಕ್ಕು ಹೋಗುವನು. ಮಿಥ್ಯೆಯೆಂದರೆ ಮೊಲದ ಕೊಂಬೆಂದು ಯಾರಾದರೂ ಪ್ರಚಾರಕರು ಅದ್ವೈತವನ್ನು ಹಳಿದಾಗ ನಾವು ನಗುವುದಿಲ್ಲವೆ?

ವಿಜಯನಗರದ ಕಾಲದ ಮಾಧವಾಚಾರ್ಯರ 'ಸರ್ವದರ್ಶನಸಂಗ್ರಹ'ವು ಚಾರ್ವಾಕನಿಗೇ ಮೊದಲ ಮಣೆ ಹಾಕುತ್ತದೆ. ನಮ್ಮ ಹೊಳೆಯ ಮೇಲುಗಡೆ, ಆನೆಗೊಂದಿಯ ನವವೃಂದಾವನದಲ್ಲಿರುವ ಶ್ರೀವ್ಯಾಸರಾಜರು 'ನ್ಯಾಯಾಮೃತ'ದಲ್ಲಿ ಅದ್ವೈತಿಗಳ ಮಿಥ್ಯಾತ್ವಲಕ್ಷಣಗಳು ಐದನ್ನೂ ಮುಂದಿಟ್ಟುಕೊಂಡೇ ಖಂಡಿಸಿದರು. ಆದುದರಿಂದಲೇ ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯಂಥ ಗ್ರಂಥವನ್ನು ಬರೆದು ಉತ್ತರಿಸಬೇಕಾಯಿತು. ಆ ಹೊಳೆಯ ನೀರನ್ನೇ ಕುಡಿಯುವ ನಾವು ಕರತಾಡನಕ್ಕಾಗಿ ವಾದಿಸುವುದು ಸಲ್ಲದು.