ಅಲೆಯ ಹಲಗೆ

ಮಕ್ಕಳೇ, ರಜೆಯಲ್ಲಿ ಊರಿಗೆ ಹೋದವರು ಮೂಲ್ಕಿಯ ಸರ್ಫಿಂಗ್ ನೋಡಿರುತ್ತೀರಿ. 2004ರಲ್ಲಿ ಅಲ್ಲಿನ ಆಶ್ರಮವೊಂದರಲ್ಲಿ ಶುರುವಾದದ್ದು ಅದು. ದೊಡ್ಡ ಅಲೆಗೆ ನೀವೇ ಹಲಗೆ ಮಾಡುವಿರಾದರೆ ಉದ್ದ ಒಂಬತ್ತು ಅಡಿಯಾದರೂ ಇರಲಿ, ಬಾಲ ಚೂಪಾಗಿರಲಿ. ಉದ್ದಕ್ಕೆ ವೇಗ, ಚೂಪಿಗೆ ಹಿಡಿತ.

ಗಣೇಶನ ಮಂಟಪಕ್ಕೆ ಹಿಂದೆ ಗೋರೆಗಾಂವ್‌ನಲ್ಲಿ ಕೊರೆಯುತ್ತಿದ್ದ ಥರ್ಮೋಕೋಲ್ ಗೊತ್ತಲ್ಲ? ಹಲಗೆಯ ಒಡಲಿಗೆ ಅದೇ ಜಾತಿಯ, ಇನ್ನೂ ಗಟ್ಟಿಯಾದ ಫೋಮ್ ಆಗುತ್ತದೆ. ಆದರೆ ಪಾಲಿಯೆಸ್ಟರ್ ರೆಸಿನ್ ತಾಗಿದರೆ ಅದು ಸಕ್ಕರೆಯಂತೆ ಕರಗೀತು! ಎಪಾಕ್ಸಿಯೇ ಬೇಕು. ದೊಡ್ಡ ಅಲೆ ಹಲಗೆಯನ್ನೇ ಮುರಿಯಬಲ್ಲದು. ಗಾಜುನಾರಿನ ಬಟ್ಟೆ ಎರಡು ಪದರ ಹಾಸಿ, ರೆಸಿನನ್ನು ನಡುವಿನಿಂದ ಅಂಚಿಗೆ ಎಳೆಯಿರಿ. ಡಬ್ಬಿಯಲ್ಲಿ ಉಳಿದದ್ದು ತಾನೇ ಕಾದು ಹೊಗೆಯಾಡೀತು, ಫ್ಲಾಟಿನೊಳಗೆ ಬೇಡವೇ ಬೇಡ. ಉಜ್ಜುವಾಗ ಮಾಸ್ಕ್ ಇರಲಿ.

ಮೊದಲು ಊರಿನಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರ ಹತ್ತಿರ ಎರಡು ದಿನ ಕುಳಿತು ನೋಡಿ. ತುಳುವಿನಲ್ಲಿ ಕೇಳಿದರೆ ಇನ್ನೂ ಚೆನ್ನಾಗಿ ಹೇಳಿಕೊಟ್ಟಾರು.